ಮುದ್ರೆ ಮತ್ತು ಮಂಜೂಷ: ಡಿಜಿಟಲ್ ಪ್ರಮಾಣಪತ್ರಗಳನ್ನು ಕಾಯ್ದಿರಿಸಿಕೊಂಡ ಕಥೆ

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಕಥೆ ತಿರುಗುವುದು ಒಂದು ಉಂಗುರದ ಸುತ್ತ. ನಂದರ ಅಮಾತ್ಯನಾದ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ತನ್ನ ಹೆಂಡತಿ ಮಕ್ಕಳನ್ನು ಗೆಳೆಯ ಚಂದನದಾಸನ ಮನೆಯಲ್ಲಿ ಇರಿಸಿರುತ್ತಾನೆ. ಅವನ ಹೆಸರು ಕೆತ್ತಿದ ಮುದ್ರೆಯುಂಗುರ ಹೆಂಡತಿಯ ಬೆರಳಿನಲ್ಲಿರುತ್ತದೆ. ಹೊರಗೆ ಓಡಿಬಂದ ಮಗುವನ್ನು ಒಳಗೆಳೆದುಕೊಳ್ಳುವ ಗಡಿಬಿಡಿಯಲ್ಲಿ, ಗಂಡಸಿನ ಬೆರಳಿಗೆಂದು ಮಾಡಿಸಿದ ಆ ಉಂಗುರ ಜಾರಿಬಿದ್ದು, ಉರುಳಿ, ಚಾಣಕ್ಯನ ಗೂಢಚಾರನ ಕಾಲಬುಡದಲ್ಲಿ ನಿಲ್ಲುತ್ತದೆ. ಚಾಣಕ್ಯನಿಗೆ ಅಷ್ಟೇ ಸಾಕು. ರಾಕ್ಷಸನ ಆಪ್ತನಾದ ಶಕಟದಾಸನ ಕೈಯಲ್ಲೇ ಉಪಾಯದಿಂದ ಒಂದು ಪತ್ರ ಬರೆಸಿ, ಅದಕ್ಕೆ ಆ ಉಂಗುರದ ಮುದ್ರೆ ಒತ್ತಿಸುತ್ತಾನೆ. ಕೈಬರಹ ನಿಜ, ಮುದ್ರೆ ನಿಜ, ಪತ್ರ ಮಾತ್ರ ಸುಳ್ಳು. ಆ ಒಂದು ಪತ್ರದಿಂದ ರಾಕ್ಷಸನ ಮೇಲೆ ಅವನ ಮಿತ್ರ ಮಲಯಕೇತುವಿಗಿದ್ದ ನಂಬಿಕೆ ಕುಸಿದುಬೀಳುತ್ತದೆ.

ಇದೇ ಚಂದ್ರಗುಪ್ತ–ಚಾಣಕ್ಯರ ಕಥೆಯನ್ನು 1823ರಲ್ಲಿ ಮೈಸೂರಿನ ಕೆಂಪುನಾರಾಯಣ ಕನ್ನಡ ಗದ್ಯದಲ್ಲಿ ಹೇಳಿದಾಗ ತನ್ನ ಕೃತಿಗೆ ಇಟ್ಟ ಹೆಸರು ‘ಮುದ್ರಾಮಂಜೂಷ’. ಮಂಜೂಷವೆಂದರೆ ಪೆಟ್ಟಿಗೆ. ಇಂದಿನ ತಂತ್ರಾಂಶಗಳು ತಮ್ಮ ಡಿಜಿಟಲ್ ಪ್ರಮಾಣಪತ್ರಗಳನ್ನೂ ಕೀಲಿಕೈಗಳನ್ನೂ ಇಟ್ಟುಕೊಳ್ಳುವ ಜಾಗಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ಹುಡುಕುವುದು ಕಷ್ಟ. ಬ್ಯಾಂಕಿನ ಜಾಲತಾಣ ತೆರೆದಾಗ, ಆದಾಯ ತೆರಿಗೆಯ ವಿವರ ಸಲ್ಲಿಸಿದಾಗ, ಟೆಂಡರಿಗೆ ಸಹಿ ಹಾಕಿದಾಗ ಇಂಥದೊಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರ ಅರ್ಧ ಶತಮಾನದ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಪ್ರಮಾಣಪತ್ರದ ಹಿಂದಿರುವ ಗಣಿತ ಸೋತದ್ದು ಅಪರೂಪ. ಸೋತದ್ದೆಲ್ಲ ಬಹುಮಟ್ಟಿಗೆ ಅದನ್ನು ಇಟ್ಟ ಜಾಗ.

ದಫ್ತರದಿಂದ ದೃಢೀಕೃತ ನಕಲಿಗೆ

1976ರ ನವೆಂಬರಿನಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದ ಪ್ರಬಂಧವೊಂದು ಗುಪ್ತಲಿಪಿಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಅಲ್ಲಿಯವರೆಗೆ ಗುಟ್ಟಿನ ಸಂದೇಶ ಕಳಿಸುವವರೂ ಪಡೆಯುವವರೂ ಒಂದೇ ಕೀಲಿಕೈಯನ್ನು ಮೊದಲೇ ಹಂಚಿಕೊಂಡಿರಬೇಕಿತ್ತು. ಪ್ರತಿಯೊಬ್ಬರ ಬಳಿಯೂ ಎರಡು ಕೀಲಿಕೈಗಳಿರಲಿ ಎಂದು ಇವರು ಸೂಚಿಸಿದರು. ಒಂದು ಬಹಿರಂಗ, ಯಾರಿಗೆ ಬೇಕಾದರೂ ಕೊಡಬಹುದಾದದ್ದು. ಇನ್ನೊಂದು ಗುಪ್ತ, ಒಡೆಯನ ಬಳಿಯೇ ಉಳಿಯಬೇಕಾದದ್ದು. ಗುಪ್ತ ಕೀಲಿಕೈಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಕೈ ಇರುವ ಯಾರು ಬೇಕಾದರೂ ಪರೀಕ್ಷಿಸಬಹುದು. ಈ ಯೋಚನೆಗೆ ಕಾರ್ಯರೂಪ ಕೊಟ್ಟ ಗಣಿತವನ್ನು ಮರುವರ್ಷ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ ಕಂಡುಕೊಂಡರು. ಆರ್‌ಎಸ್‌ಎ ಎಂಬುದು ಅವರ ಹೆಸರುಗಳ ಮೊದಲಕ್ಷರಗಳಿಂದ ಬಂದದ್ದು.

ಆದರೆ ಒಂದು ಪ್ರಶ್ನೆ ಉಳಿಯಿತು. ನನ್ನ ಕೈಗೆ ಬಂದಿರುವ ಈ ಬಹಿರಂಗ ಕೀಲಿಕೈ ನಿಜವಾಗಿಯೂ ಇಂಥವರದೇ ಎಂದು ಹೇಳುವವರು ಯಾರು? ಡಿಫಿ ಮತ್ತು ಹೆಲ್‌ಮನ್ ಅವರ ಕಲ್ಪನೆಯಲ್ಲಿ ಅದಕ್ಕೊಂದು ಸಾರ್ವಜನಿಕ ಕಡತವಿತ್ತು. ದೂರವಾಣಿ ಕೈಪಿಡಿಯಂತೆ ಎಲ್ಲರ ಹೆಸರು, ಎಲ್ಲರ ಕೀಲಿಕೈ ಅದರಲ್ಲಿ. ಬೇಕಾದವರು ಹೋಗಿ ನೋಡಿಕೊಳ್ಳಬೇಕು.

ಇದರ ತೊಡಕನ್ನು ಗುರುತಿಸಿದವನು ಲೋರೆನ್ ಕೋನ್‌ಫೆಲ್ಡರ್ ಎಂಬ ಪದವಿ ವಿದ್ಯಾರ್ಥಿ. ಎಲ್ಲರೂ ಒಂದೇ ಕಡತದ ಮುಂದೆ ಸಾಲುಗಟ್ಟಿದರೆ ಕೆಲಸ ನಿಲ್ಲುತ್ತದೆ. ಆ ಕಡತವನ್ನು ತಿದ್ದಿದವನು ಎಲ್ಲರನ್ನೂ ವಂಚಿಸಬಲ್ಲ. 1978ರಲ್ಲಿ ಎಂಐಟಿಗೆ ಸಲ್ಲಿಸಿದ ತನ್ನ ಪದವಿ ಪ್ರಬಂಧದಲ್ಲಿ ಅವನು ಕೊಟ್ಟ ಪರಿಹಾರ ಸರಳವಾಗಿತ್ತು. ಕಡತದ ಒಂದೊಂದು ನಮೂದಿಗೂ ಕಡತದ ಅಧಿಕಾರಿ ಸಹಿ ಹಾಕಿ ಅವರವರ ಕೈಗೆ ಕೊಟ್ಟುಬಿಡಲಿ. ಅದನ್ನು ಅವನು ‘ಸರ್ಟಿಫಿಕೇಟ್’ ಎಂದು ಕರೆದ. ತಾಲ್ಲೂಕು ಕಚೇರಿಯ ದಫ್ತರವನ್ನು ನೋಡಲು ಊರೆಲ್ಲ ಹೋಗುವ ಬದಲು, ದೃಢೀಕೃತ ನಕಲನ್ನು ಪಡೆದು ಜೇಬಿನಲ್ಲಿಟ್ಟುಕೊಂಡಂತೆ. ಈ ಅನುಕೂಲಕ್ಕೆ ತೆತ್ತ ಬೆಲೆಯೂ ನಕಲಿನದೇ: ಮೂಲ ಕಡತದಲ್ಲಿ ನಮೂದು ರದ್ದಾದರೂ ಜೇಬಿನಲ್ಲಿರುವ ನಕಲಿಗೆ ಅದು ತಿಳಿಯುವುದಿಲ್ಲ.

1988ರಲ್ಲಿ ಎಕ್ಸ್.509 ಎಂಬ ಮಾನಕ ಹೊರಬಂತು. ಎಕ್ಸ್.500 ಎಂಬ ಜಾಗತಿಕ ದೂರಸಂಪರ್ಕ ಡೈರೆಕ್ಟರಿಯ ಮಹಾಯೋಜನೆಗೆ ಅದು ಒಂದು ಅಂಗವಾಗಿತ್ತು. ಪ್ರಪಂಚದ ಎಲ್ಲ ಹೆಸರುಗಳನ್ನು ಒಂದೇ ವೃಕ್ಷದಲ್ಲಿ ಜೋಡಿಸಿ, ಪ್ರಮಾಣಪತ್ರಗಳನ್ನು ಅಲ್ಲಿಂದಲೇ ಹುಡುಕಿ ತೆಗೆಯುವುದು ಅದರ ಆಶಯ. ಆ ಜಾಗತಿಕ ಡೈರೆಕ್ಟರಿ ಕೊನೆಗೂ ಕೈಗೂಡಲಿಲ್ಲ. ಪ್ರಮಾಣಪತ್ರದ ನಮೂನೆ ಮಾತ್ರ ಕಟ್ಟದೆ ಉಳಿದ ಮನೆಯ ಬಾಗಿಲಿನಂತೆ ಉಳಿದುಕೊಂಡಿತು. ಇಂದಿಗೂ ಜಾಲತಾಣಗಳ ಪ್ರಮಾಣಪತ್ರಗಳು ಎಕ್ಸ್.509 ನಮೂನೆಯವೇ. ಹುಡುಕಿ ತೆಗೆಯಲು ಜಗತ್ತಿನದೊಂದು ದಫ್ತರ ಇಲ್ಲದ್ದರಿಂದ ಪ್ರತಿಯೊಂದು ಯಂತ್ರವೂ ತನ್ನದೇ ಪೆಟ್ಟಿಗೆ ಇಟ್ಟುಕೊಳ್ಳಬೇಕಾಯಿತು.

ಎರಡು ಪೆಟ್ಟಿಗೆಗಳು

ವಾಸ್ತವದಲ್ಲಿ ಬೇಕಾದದ್ದು ಎರಡು ಪೆಟ್ಟಿಗೆಗಳು. ಮೊದಲನೆಯದರಲ್ಲಿ ನಮ್ಮ ಗುಪ್ತ ಕೀಲಿಕೈ ಮತ್ತು ಅದಕ್ಕೆ ಜೋಡಿಯಾದ ಪ್ರಮಾಣಪತ್ರ ಇರುತ್ತವೆ. ಎರಡನೆಯದರಲ್ಲಿ ನಾವು ಯಾರ ಸಹಿಯನ್ನು ನಂಬುತ್ತೇವೆಯೋ ಅವರ ಪಟ್ಟಿ, ಅಂದರೆ ಮೂಲ ಪ್ರಮಾಣಪತ್ರಗಳು. ಮೊದಲನೆಯದಕ್ಕೆ ಗೋಪ್ಯತೆ ಮುಖ್ಯ. ಎರಡನೆಯದರಲ್ಲಿ ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಓದಬಹುದು. ಆದರೆ ಅದರೊಳಗೆ ಒಂದು ಹೆಸರನ್ನು ಸೇರಿಸುವ ಅಧಿಕಾರ ಯಾರಿಗೆ ಎಂಬುದೇ ಅಲ್ಲಿ ಮುಖ್ಯ.

ಈ ಎರಡನೆಯ ಪೆಟ್ಟಿಗೆ ಜನಸಾಮಾನ್ಯರ ಮನೆ ಹೊಕ್ಕದ್ದು 1995ರ ಸುಮಾರಿಗೆ. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನಲ್ಲಿ ಎಸ್‌ಎಸ್‌ಎಲ್ ಎಂಬ ಸುರಕ್ಷಿತ ಸಂಪರ್ಕ ವಿಧಾನವನ್ನು ಅಳವಡಿಸಿ, ಅದರೊಡನೆ ತಾನು ನಂಬುವ ಪ್ರಮಾಣೀಕರಣ ಸಂಸ್ಥೆಗಳ ಪಟ್ಟಿಯನ್ನೂ ಸೇರಿಸಿ ಕೊಟ್ಟಿತು. ಆರ್‌ಎಸ್‌ಎ ಸಂಸ್ಥೆಯಿಂದ ಕವಲೊಡೆದ ವೆರಿಸೈನ್ ಹುಟ್ಟಿದ್ದೂ ಅದೇ ವರ್ಷ. ಬ್ರೌಸರ್ ಬಳಸಿದವರಲ್ಲಿ ಆ ಪಟ್ಟಿಯನ್ನು ಓದಿದವರು ಎಷ್ಟಿದ್ದರೋ ಏನೋ. ಇಂದು ಯಾವುದೇ ಪ್ರಮುಖ ಪಟ್ಟಿಯನ್ನು ತೆರೆದರೆ ಅದರಲ್ಲಿ ನೂರಕ್ಕೂ ಹೆಚ್ಚು ಮೂಲ ಪ್ರಮಾಣಪತ್ರಗಳು ಕಾಣುತ್ತವೆ. ನಾವು ಒಂದನ್ನೂ ಸೇರಿಸಿರುವುದಿಲ್ಲ, ಎಲ್ಲವನ್ನೂ ನಂಬಿರುತ್ತೇವೆ.

ಪೆಟ್ಟಿಗೆಯ ರಚನೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಯಿತು. ವಿಂಡೋಸ್‌ನಲ್ಲಿ ಪ್ರಮಾಣಪತ್ರಗಳ ಭಂಡಾರಗಳು ರಿಜಿಸ್ಟ್ರಿಯಲ್ಲಿ ಕುಳಿತವು: ಬಳಕೆದಾರನಿಗೆ ಬೇರೆ, ಇಡೀ ಯಂತ್ರಕ್ಕೆ ಬೇರೆ, ಸ್ವಂತದ್ದು ಒಂದು ಕೋಣೆಯಲ್ಲಿ, ನಂಬಿಗಸ್ತ ಮೂಲಗಳು ಇನ್ನೊಂದರಲ್ಲಿ. ಗುಪ್ತ ಕೀಲಿಕೈ ಇವುಗಳ ಜೊತೆಗಿರದೆ ಗೂಢಲಿಪಿಯಲ್ಲಿ ಬೇರೆಡೆ ಅಡಗಿರುತ್ತದೆ. ಪ್ರಮಾಣಪತ್ರದ ಬಳಿ ಅದರ ವಿಳಾಸ ಮಾತ್ರ ಇರುತ್ತದೆ. ಆಪಲ್ 1999ರಲ್ಲಿ ಮ್ಯಾಕ್ ಓಎಸ್ 8.6ರೊಂದಿಗೆ ‘ಕೀಚೈನ್’ ಎಂಬ ಗೊಂಚಲನ್ನು ಕೊಟ್ಟಿತು. ಲಿನಕ್ಸ್‌ನಲ್ಲಿ ಸಾಮಾನ್ಯ ಕಡತಗಳೇ ಸಾಕಾದವು. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು ಪ್ರಮಾಣಪತ್ರದ ಒಡೆಯನ ಹೆಸರಿನಿಂದ ಒಂದು ಸಂಕೇತಸಂಖ್ಯೆಯನ್ನು ಲೆಕ್ಕಹಾಕಿ, ಆ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಕಡತವನ್ನು ತೆರೆಯುತ್ತದೆ. 2010ರಲ್ಲಿ ಈ ಲೆಕ್ಕದ ಕ್ರಮವನ್ನು ಬದಲಿಸಿದಾಗ ಹಳೆಯ ಹೆಸರುಗಳೆಲ್ಲ ನಿರರ್ಥಕವಾಗಿ, ಎಲ್ಲ ಕೊಂಡಿಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಪತ್ರ ಪೆಟ್ಟಿಗೆಯಲ್ಲೇ ಇದೆ, ಕೈಗೆ ಮಾತ್ರ ಸಿಗುತ್ತಿಲ್ಲ!

ಜಾವಾ ತನ್ನದೇ ಕೀಲಿಕೈ ಭಂಡಾರವನ್ನು ತಂದಿತು. ನಂಬಿಗಸ್ತ ಮೂಲಗಳ ಕಡತಕ್ಕೆ ಅದು ಮೊದಲೇ ಇಟ್ಟು ಕಳಿಸುತ್ತಿದ್ದ ಗುಪ್ತಪದ ‘ಚೇಂಜಿಟ್’, ಎಂದರೆ ‘ಇದನ್ನು ಬದಲಿಸಿ’. ಆದೇಶವನ್ನೇ ಗುಪ್ತಪದವಾಗಿಸಿದ ಈ ಜಾಣತನ ಫಲಿಸಲಿಲ್ಲ. ಅದನ್ನು ಬದಲಿಸದೆ ನಡೆಯುತ್ತಿರುವ ಸರ್ವರುಗಳು ಇಂದಿಗೂ ಅಪರೂಪವಲ್ಲ.

ಹುಡುಕಿ ತೆಗೆಯುವುದರಲ್ಲೂ ಇಂಥ ಸೂಕ್ಷ್ಮಗಳಿವೆ. ಒಂದೇ ಹೆಸರಿನ ಎರಡು ಪ್ರಮಾಣಪತ್ರಗಳು, ಅವಧಿ ಮುಗಿದದ್ದೊಂದು ಮತ್ತು ಹೊಸದೊಂದು, ಒಂದೇ ಭಂಡಾರದಲ್ಲಿ ಇರಬಹುದು. ಹೆಸರಿನಿಂದ ಹುಡುಕಿದರೆ ಹಳೆಯದೇ ಕೈಗೆ ಬರಬಹುದು. ಆದ್ದರಿಂದ ತಂತ್ರಜ್ಞರು ‘ಹೆಬ್ಬೆಟ್ಟಿನ ಗುರುತು’ ಎಂದು ಕರೆಯುವ ಉದ್ದನೆಯ ಸಂಖ್ಯೆಯಿಂದ ಹುಡುಕುತ್ತಾರೆ. ವಿಂಡೋಸ್‌ನ ಹಳೆಯ ಆವೃತ್ತಿಗಳ ಪರದೆಯಿಂದ ಆ ಸಂಖ್ಯೆಯನ್ನು ನಕಲಿಸಿದರೆ ಅದರ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರವೂ ಸೇರಿಕೊಂಡು ಬರುತ್ತಿತ್ತು. ಕಾಣುವ ಸಂಖ್ಯೆ ಸರಿಯಾಗಿಯೇ ಇದೆ, ಆದರೂ ‘ಪ್ರಮಾಣಪತ್ರ ಸಿಗಲಿಲ್ಲ’ ಎಂಬ ಉತ್ತರ. ಈ ಕಾಣದ ಅಕ್ಷರಕ್ಕಾಗಿ ದಿನಗಟ್ಟಲೆ ತಲೆ ಕೆಡಿಸಿಕೊಂಡವರು ಅನೇಕರು.

ಉಂಗುರ ಜಾರಿದ ಪ್ರಸಂಗಗಳು

ಗಣಿತವೇ ಕೈಕೊಟ್ಟ ಸಂದರ್ಭಗಳು ಇಲ್ಲವೆಂದಲ್ಲ. 2008ರಲ್ಲಿ ಸಂಶೋಧಕರ ತಂಡವೊಂದು ಎಂಡಿ5 ಎಂಬ ಹಳೆಯ ಕ್ರಮದ ದೌರ್ಬಲ್ಯವನ್ನು ಬಳಸಿ, ಬ್ರೌಸರುಗಳು ನಂಬುವಂಥ ನಕಲಿ ಪ್ರಮಾಣೀಕರಣ ಸಂಸ್ಥೆಯನ್ನೇ ಸೃಷ್ಟಿಸಿ ತೋರಿಸಿತು. ಆದರೆ ದೊಡ್ಡ ಅನಾಹುತಗಳ ಸಾಲನ್ನು ನೋಡಿದರೆ ಅಲ್ಲಿ ಕಾಣುವುದು ಹೆಚ್ಚಾಗಿ ರಾಕ್ಷಸನ ಉಂಗುರದ ಕಥೆಯೇ.

2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್, ಇರಾನಿನ ಪರಮಾಣು ಕೇಂದ್ರದ ಯಂತ್ರಗಳನ್ನು ಗುರಿಯಾಗಿಸಿದ ದುಷ್ಟ ತಂತ್ರಾಂಶ. ಅದರ ಭಾಗಗಳಿಗೆ ಇದ್ದ ಸಹಿಗಳು ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳವು, ಅದೂ ಅಸಲಿ ಸಹಿಗಳು. ಎರಡೂ ಕಂಪನಿಗಳಿಗೆ ಷಿಂಚು ವಿಜ್ಞಾನ ಉದ್ಯಾನದಲ್ಲಿ ಕಚೇರಿಗಳಿದ್ದವು. ಅವುಗಳ ಗುಪ್ತ ಕೀಲಿಕೈಗಳು ಯಾರದೋ ಕೈಗೆ ಸಿಕ್ಕಿದ್ದವು. ವಿಂಡೋಸ್ ಆ ಸಹಿಯನ್ನು ಪರೀಕ್ಷಿಸಿ ಒಪ್ಪಿಕೊಂಡಿತು. ಅದರ ಕೆಲಸ ಅಷ್ಟೇ.

ಇಂಥ ಕಳವಿಗೆ ಉತ್ತರವಾಗಿ ಬೆಳೆದದ್ದು ಯಂತ್ರರೂಪದ ಪೆಟ್ಟಿಗೆ. ಅದರೊಳಗಿನ ಚಿಪ್‌ನಲ್ಲೇ ಕೀಲಿಕೈ ಹುಟ್ಟುತ್ತದೆ, ಅಲ್ಲೇ ಉಳಿಯುತ್ತದೆ. ತಂತ್ರಾಂಶವು ಕಾಗದವನ್ನು ಒಳಗೆ ಕಳಿಸಿ ಸಹಿ ಹಾಕಿಸಿಕೊಳ್ಳಬಹುದೇ ಹೊರತು ಮುದ್ರೆಯನ್ನು ಹೊರಗೆ ತರಲಾಗದು. ಬ್ಯಾಂಕು, ಪ್ರಮಾಣೀಕರಣ ಸಂಸ್ಥೆಗಳಲ್ಲಿ ಇದು ದೊಡ್ಡ ಪೆಟ್ಟಿಗೆಯ ಗಾತ್ರದ್ದು; ನಮ್ಮ ನಿಮ್ಮ ಕೈಯಲ್ಲಿ ಬೆರಳುದ್ದದ ಯುಎಸ್‌ಬಿ ಟೋಕನ್. ತಂತ್ರಾಂಶಗಳಿಗೆ ಸಹಿ ಹಾಕುವ ಕೀಲಿಕೈಗಳನ್ನು ಇಂಥ ಯಂತ್ರದಲ್ಲೇ ಇಡಬೇಕೆಂಬ ನಿಯಮವನ್ನು ಜಾಗತಿಕ ಉದ್ಯಮ ಕಡ್ಡಾಯ ಮಾಡಿದ್ದು 2023ರ ಜೂನ್‌ನಲ್ಲಿ, ಸ್ಟಕ್ಸ್‌ನೆಟ್ ಬೆಳಕಿಗೆ ಬಂದ ಹದಿಮೂರು ವರ್ಷಗಳ ಮೇಲೆ.

ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಕ್ಟೋಬರ್ 17ರಂದು ಜಾರಿಗೆ ಬಂದು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಪ್ರಮಾಣೀಕರಣ ಸಂಸ್ಥೆಗಳ ನಿಯಂತ್ರಕರ ಹುದ್ದೆ ಸೃಷ್ಟಿಯಾಯಿತು. ದೇಶದ ಪರವಾನಗಿ ಪಡೆದ ಸಂಸ್ಥೆಗಳೆಲ್ಲಕ್ಕೂ ಮೇಲೆ ನಿಂತು ಸಹಿ ಮಾಡುವ ಭಾರತೀಯ ಮೂಲ ಪ್ರಮಾಣಪತ್ರ ಈ ನಿಯಂತ್ರಕರದೇ. ಕಾಯ್ದೆಯ 42ನೆಯ ಕಲಮು, ಗುಪ್ತ ಕೀಲಿಕೈ ತನ್ನ ಹತೋಟಿಯಲ್ಲೇ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಅದರ ಒಡೆಯನ ಮೇಲೆ ಹೊರಿಸುತ್ತದೆ. 2006ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ21 ಯೋಜನೆ ಆರಂಭವಾದ ಮೇಲೆ ಲೆಕ್ಕಪರಿಶೋಧಕರು, ಕಂಪನಿ ಕಾರ್ಯದರ್ಶಿಗಳು, ಗುತ್ತಿಗೆದಾರರು, ಅಧಿಕಾರಿಗಳು ಎಲ್ಲರ ಮೇಜಿನ ಮೇಲೂ ಟೋಕನ್ ಕಾಣಿಸಿಕೊಂಡಿತು.

ಕಾನೂನು ಬರೆದವರು ಊಹಿಸದಿದ್ದದ್ದು ನಮ್ಮ ಕಚೇರಿಗಳ ರೂಢಿ. ಸಾಹೇಬರ ಟೋಕನ್ ಸಹಾಯಕರ ಮೇಜಿನ ಡ್ರಾಯರಿನಲ್ಲಿರುತ್ತದೆ. ಪಿನ್ ಸಂಖ್ಯೆಯನ್ನು ಸಣ್ಣ ಚೀಟಿಯಲ್ಲಿ ಬರೆದು ಟೋಕನ್ನಿಗೇ ಅಂಟಿಸಿರುತ್ತದೆ. ಅನೇಕ ಕಂಪನಿಗಳಲ್ಲಿ ನಿರ್ದೇಶಕರ ಟೋಕನ್‌ಗಳೆಲ್ಲ ಲೆಕ್ಕಪರಿಶೋಧಕರ ಕಪಾಟಿನಲ್ಲಿ ಹೆಸರಿನ ಚೀಟಿ ಹೊತ್ತು ಸಾಲಾಗಿ ಮಲಗಿರುತ್ತವೆ. ಇದರಲ್ಲಿ ದುರುದ್ದೇಶ ಇರುವುದು ಕಡಿಮೆ. ರಬ್ಬರ್ ಸ್ಟಾಂಪನ್ನು ಗುಮಾಸ್ತರ ಕೈಗೆ ಕೊಟ್ಟು ಅಭ್ಯಾಸವಾದ ವ್ಯವಸ್ಥೆ ಟೋಕನ್ನನ್ನೂ ರಬ್ಬರ್ ಸ್ಟಾಂಪೆಂದೇ ಭಾವಿಸಿತು. ಚಿಪ್ಪಿನಿಂದ ಕೀಲಿಕೈಯನ್ನು ಕದಿಯಲಾಗದಂತೆ ಮಾಡಿದ ತಂತ್ರಜ್ಞಾನಕ್ಕೆ, ಚಿಪ್ಪನ್ನೇ ಎತ್ತಿ ಕೊಡುವ ಕೈಯನ್ನು ತಡೆಯಲಾಗಲಿಲ್ಲ. 2015ರಲ್ಲಿ ಬಂದ ಆಧಾರ್ ಆಧಾರಿತ ಇ-ಸೈನ್ ವ್ಯವಸ್ಥೆ ಇಟ್ಟುಕೊಳ್ಳುವ ಪ್ರಶ್ನೆಯನ್ನೇ ತೆಗೆದುಹಾಕಿತು. ಅಲ್ಲಿ ಸಹಿಯ ಹೊತ್ತಿಗೆ ಸೇವಾಸಂಸ್ಥೆಯ ಯಂತ್ರದೊಳಗೆ ಕೀಲಿಕೈ ಹುಟ್ಟಿ, ಒಂದು ಸಹಿ ಹಾಕಿ ಅಳಿದುಹೋಗುತ್ತದೆ.

ಎರಡನೆಯ ಪೆಟ್ಟಿಗೆಯ ಒಡೆಯರು

ನಂಬಿಕೆಯ ಪಟ್ಟಿಯ ಕಥೆ ಇದಕ್ಕಿಂತ ಸಂಕೀರ್ಣವಾದದ್ದು. 2001ರ ಜನವರಿಯಲ್ಲಿ ಯಾರೋ ಮೈಕ್ರೋಸಾಫ್ಟ್ ಸಿಬ್ಬಂದಿಯೆಂದು ಹೇಳಿಕೊಂಡು ವೆರಿಸೈನ್‌ನಿಂದ ಆ ಕಂಪನಿಯ ಹೆಸರಿನಲ್ಲೇ ಎರಡು ಪ್ರಮಾಣಪತ್ರಗಳನ್ನು ಪಡೆದರು. ವೆರಿಸೈನ್ ಅವನ್ನು ರದ್ದು ಮಾಡಿತು. ಆದರೆ ರದ್ದಾದವುಗಳ ಪಟ್ಟಿ ಎಲ್ಲಿದೆ ಎಂಬ ವಿಳಾಸ ಆ ಪತ್ರಗಳಲ್ಲಿ ಇರಲೇ ಇಲ್ಲ! ಕೊನೆಗೆ ಮೈಕ್ರೋಸಾಫ್ಟ್ ವಿಂಡೋಸ್‌ಗೇ ಒಂದು ತಿದ್ದುಪಡಿ ಹೊರಡಿಸಿ ಅವನ್ನು ತಡೆಯಬೇಕಾಯಿತು. ಕೋನ್‌ಫೆಲ್ಡರನ ದೃಢೀಕೃತ ನಕಲಿನ ಬೆಲೆ ಹೀಗೆ ತೆರಬೇಕಾಗಿ ಬಂತು.

ಹತ್ತು ವರ್ಷಗಳ ಅನಂತರ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಎಂಬ ಪ್ರಮಾಣೀಕರಣ ಸಂಸ್ಥೆಯೊಳಗೆ ನುಸುಳಿದವರು 500ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಮಾಡಿಕೊಂಡರು. ಅವುಗಳಲ್ಲೊಂದು ಗೂಗಲ್ ಹೆಸರಿನದು. ಅದನ್ನು ಬಳಸಿ ಇರಾನಿನ ಜನರ ಮಿಂಚಂಚೆಗಳ ಮೇಲೆ ಕಣ್ಣಿಡಲಾಯಿತು. ಸುಮಾರು 3 ಲಕ್ಷ ಇಂಟರ್ನೆಟ್ ವಿಳಾಸಗಳು ಈ ಬಲೆಗೆ ಬಿದ್ದವೆಂದು ತನಿಖೆ ಹೇಳಿತು. ಬ್ರೌಸರುಗಳು ಡಿಜಿನೋಟಾರನ್ನು ತಮ್ಮ ಪಟ್ಟಿಯಿಂದ ಕಿತ್ತುಹಾಕಿದವು. 2011ರ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು. ಟೆಹರಾನಿನ ಮಿಂಚಂಚೆಯನ್ನು ಓದಲು ಹಾಲೆಂಡಿನ ಸಂಸ್ಥೆಯೊಂದನ್ನು ಮುರಿದರೆ ಸಾಕಾಯಿತು, ಏಕೆಂದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಸಹಿಯೂ ಎಲ್ಲ ಜಾಲತಾಣಗಳಿಗೂ ಸಲ್ಲುತ್ತದೆ.

2014ರಲ್ಲಿ ಸರದಿ ನಮ್ಮದಾಯಿತು. ಆ ವರ್ಷದ ಜುಲೈ 2ರಂದು, ಗೂಗಲ್ ಒಡೆತನದ ಕೆಲವು ಹೆಸರುಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹುಟ್ಟಿರುವುದು ಆ ಕಂಪನಿಯ ಗಮನಕ್ಕೆ ಬಂತು. ಸಹಿ ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ, ಅಂದರೆ ಎನ್‌ಐಸಿಯ ಪ್ರಮಾಣೀಕರಣ ವಿಭಾಗದ್ದು. ಮರುದಿನವೇ ನಿಯಂತ್ರಕರು ಎನ್‌ಐಸಿಗೆ ಕೊಟ್ಟಿದ್ದ ಮಧ್ಯಂತರ ಪ್ರಮಾಣಪತ್ರಗಳನ್ನೆಲ್ಲ ರದ್ದುಪಡಿಸಿದರು. ಎನ್‌ಐಸಿಯ ವಿತರಣಾ ವ್ಯವಸ್ಥೆಯೊಳಗೆ ಅತಿಕ್ರಮಣ ನಡೆದಿದೆ, ನಾಲ್ಕು ಪತ್ರಗಳು ಹೀಗೆ ಹೊರಬಿದ್ದಿವೆ ಎಂಬುದು ಅವರ ವಿಚಾರಣೆಯ ಫಲಿತ. ಆ ನಾಲ್ಕರಲ್ಲಿಲ್ಲದ ಪತ್ರಗಳೂ ತನ್ನ ಕಣ್ಣಿಗೆ ಬಿದ್ದಿವೆ, ಹಾನಿಯ ವ್ಯಾಪ್ತಿ ತಿಳಿಯದು ಎಂದು ಗೂಗಲ್ ಹೇಳಿತು. ಬಳಿಕ ಅದು ಭಾರತದ ಮೂಲ ಪ್ರಮಾಣಪತ್ರದ ಮಾನ್ಯತೆಯನ್ನು ಕ್ರೋಮ್ ಬ್ರೌಸರಿನಲ್ಲಿ ಏಳು ವಿಳಾಸಗಳಿಗೆ ಮಾತ್ರ ಸೀಮಿತಗೊಳಿಸಿತು. ಗವ್.ಇನ್, ನಿಕ್.ಇನ್, ರಿಸರ್ವ್ ಬ್ಯಾಂಕಿನ ವಿಳಾಸ ಮುಂತಾದವು ಆ ಏಳರಲ್ಲಿ ಸೇರಿದ್ದವು.

ಈ ಪ್ರಸಂಗದಲ್ಲಿ ಯಾರು ಅಪಾಯಕ್ಕೊಳಗಾಗಿದ್ದರು ಎಂಬ ವಿವರ ನಮ್ಮ ವಿಷಯಕ್ಕೆ ತುಂಬ ಮುಖ್ಯವಾದದ್ದು. ಭಾರತದ ಮೂಲ ಪ್ರಮಾಣಪತ್ರ ಇದ್ದದ್ದು ಮೈಕ್ರೋಸಾಫ್ಟ್ ಪಟ್ಟಿಯಲ್ಲಿ. ಆದ್ದರಿಂದ ವಿಂಡೋಸ್ ಮೇಲೆ ನಡೆಯುವ ಹೆಚ್ಚಿನ ತಂತ್ರಾಂಶಗಳು ಆ ಸುಳ್ಳು ಪತ್ರಗಳನ್ನು ಒಪ್ಪುತ್ತಿದ್ದವು. ಅದೇ ವಿಂಡೋಸ್ ಮೇಲೆ ನಡೆಯುವ ಫೈರ್‌ಫಾಕ್ಸ್ ಒಪ್ಪುತ್ತಿರಲಿಲ್ಲ, ಏಕೆಂದರೆ ಅದಕ್ಕೆ ತನ್ನದೇ ಪ್ರತ್ಯೇಕ ಪಟ್ಟಿಯಿತ್ತು, ಅದರಲ್ಲಿ ಭಾರತದ ಹೆಸರಿರಲಿಲ್ಲ. ಆಂಡ್ರಾಯ್ಡ್, ಆಪಲ್ ಯಂತ್ರಗಳಿಗೂ ತೊಂದರೆಯಿರಲಿಲ್ಲ. ಪತ್ರ ಅದೇ, ಸಹಿ ಅದೇ. ಪೆಟ್ಟಿಗೆ ಬೇರೆಯಾದ್ದರಿಂದ ತೀರ್ಪು ಬೇರೆಯಾಯಿತು. ಮುಂದೆ ಕ್ರೋಮ್ ಕೂಡ 2022ರಿಂದ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ತನ್ನದೇ ಪಟ್ಟಿಯನ್ನು ಇಟ್ಟುಕೊಳ್ಳತೊಡಗಿತು.

ಸಾರ್ವಭೌಮ ರಾಷ್ಟ್ರವೊಂದರ ಮುದ್ರೆ ಎಲ್ಲಿ ಸಲ್ಲಬೇಕು ಎಂಬುದನ್ನು ವಿದೇಶೀ ಕಂಪನಿಯೊಂದು ನಿರ್ಧರಿಸಬಹುದೇ ಎಂಬ ಪ್ರಶ್ನೆ ಸಹಜವಾದದ್ದು. ಸರ್ಕಾರಿ ಸೇವೆಯಲ್ಲಿರುವ ನನಗೂ ಆ ಏಳು ವಿಳಾಸಗಳ ಪಟ್ಟಿ ಮುಜುಗರ ತರುತ್ತದೆ. ಆದರೂ ಆ ನಿರ್ಧಾರ ತಪ್ಪೆಂದು ಹೇಳಲಾರೆ. ಡಿಜಿಟಲ್ ಸಹಿಯನ್ನು ಒಪ್ಪಿಕೊಳ್ಳಿ ಎಂದು ನಮ್ಮ ಕಾಯ್ದೆ ನ್ಯಾಯಾಲಯಕ್ಕೆ ಹೇಳಬಲ್ಲದು. ಎಲ್ಲೋ ಕುಳಿತ ಅಪರಿಚಿತ ಓದುಗನ ಯಂತ್ರಕ್ಕೆ ಅದನ್ನು ಹೇಳಲಾರದು. ಅಲ್ಲಿ ಸಲ್ಲುವುದು ಲೆಕ್ಕ ಒಪ್ಪಿಸಿದವರ ಮುದ್ರೆ ಮಾತ್ರ. ಪ್ರಮಾಣಪತ್ರಗಳನ್ನು ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಾಖಲೆಯಲ್ಲಿ ನಮೂದಿಸಬೇಕೆಂಬ ಪದ್ಧತಿ 2013ರಲ್ಲಿ ರೂಪುಗೊಂಡು ಕ್ರಮೇಣ ಕಡ್ಡಾಯವಾದದ್ದೂ ಇದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇ-ಮುದ್ರಾ ಸಂಸ್ಥೆಯ ಮೂಲ ಪ್ರಮಾಣಪತ್ರಗಳು ತಪಾಸಣೆಗಳನ್ನು ದಾಟಿ ಫೈರ್‌ಫಾಕ್ಸ್‌ನ ಪಟ್ಟಿಯನ್ನು ಸೇರಿದವು. ಆ ಬಾಗಿಲು ಭಾರತೀಯರಿಗೆ ಮುಚ್ಚಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕಾಲದ ಮಿತಿ

ಪೆಟ್ಟಿಗೆಯಲ್ಲಿಟ್ಟದ್ದು ಹಳಸುತ್ತದೆ. 2018ರ ಡಿಸೆಂಬರ್ 6ರಂದು ಎರಿಕ್ಸನ್ ಕಂಪನಿಯ ತಂತ್ರಾಂಶದೊಳಗಿನ ಒಂದು ಪ್ರಮಾಣಪತ್ರದ ಅವಧಿ ಮುಗಿದು, ಬ್ರಿಟನ್ನಿನ ಓ2 ಜಾಲದ ಕೋಟ್ಯಂತರ ಗ್ರಾಹಕರು ಮೊಬೈಲ್ ಇಂಟರ್ನೆಟ್ ಕಳೆದುಕೊಂಡರು. ಯಾವ ಕಳ್ಳನೂ ಬಂದಿರಲಿಲ್ಲ. ದಿನಾಂಕ ನೋಡುವವರು ಇರಲಿಲ್ಲ. ಈಗ ಈ ಅವಧಿಯನ್ನೇ ಕುಗ್ಗಿಸುವ ನಿರ್ಧಾರವಾಗಿದೆ. ಜಾಲತಾಣಗಳ ಪ್ರಮಾಣಪತ್ರದ ಗರಿಷ್ಠ ಆಯುಷ್ಯ 398 ದಿನಗಳಿಂದ 2026ರ ಮಾರ್ಚಿಗೆ 200, 2027ರ ಮಾರ್ಚಿಗೆ 100, 2029ರ ಮಾರ್ಚಿಗೆ 47 ದಿನಗಳಿಗೆ ಇಳಿಯುತ್ತದೆ. ರದ್ದತಿಯ ಸುದ್ದಿ ನಕಲಿಗೆ ಮುಟ್ಟದಿದ್ದರೆ, ನಕಲೇ ಬೇಗ ಸಾಯಲಿ ಎಂಬುದು ಇದರ ತರ್ಕ. ಇನ್ನು ನವೀಕರಣ ಮನುಷ್ಯರ ಕೈಯಿಂದ ಆಗುವ ಕೆಲಸವಲ್ಲ. ಯಂತ್ರವೇ ಪತ್ರ ತರಿಸಿ, ಪೆಟ್ಟಿಗೆಯಲ್ಲಿಟ್ಟು, ಹಳೆಯದನ್ನು ತೆಗೆಯಬೇಕು.

ಹೀಗೆ ಎರಡು ಪೆಟ್ಟಿಗೆಗಳ ಉಸ್ತುವಾರಿಯೂ ನಮ್ಮ ಕೈಯಿಂದ ಜಾರಿ ಯಂತ್ರಗಳಿಗೆ, ಕೆಲವೇ ಕಂಪನಿಗಳಿಗೆ ಹೋಗಿದೆ. ಸಾಮಾನ್ಯ ನಾಗರಿಕನಿಗೆ ಪೆಟ್ಟಿಗೆ ತೆರೆದು ಹೆಸರು ಸೇರಿಸುವ ಅವಕಾಶ ಬರುವುದು ಅಪರೂಪ. ಅಂಥದೊಂದು ಸಂದರ್ಭ ಮಾತ್ರ ನಮ್ಮಲ್ಲಿ ಅನೇಕರಿಗೆ ಪರಿಚಿತ. ಇ-ಆಧಾರ್ ಕಡತವನ್ನು ಇಳಿಸಿಕೊಂಡು ತೆರೆದರೆ, ಸಹಿಯಿರುವ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯೊಂದು ಕಾಣುತ್ತದೆ: ಸಹಿಯ ಸಿಂಧುತ್ವ ತಿಳಿಯದು. ಸಹಿಯಲ್ಲಿ ದೋಷವಿದೆಯೆಂದು ಅದರ ಅರ್ಥವಲ್ಲ. ಆ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿ ಸಹಿಯ ಮೂಲ ಇಲ್ಲ, ಅಷ್ಟೇ. ಪ್ರಮಾಣಪತ್ರದ ಸರಣಿಯನ್ನು ತೆರೆದು, ಅದು ಯಾರಿಂದ ಯಾರಿಗೆ ಬಂದಿದೆ ಎಂದು ಓದಿ, ಬಳಿಕ ನಂಬಿಗಸ್ತರ ಪಟ್ಟಿಗೆ ಸೇರಿಸಿರಿ ಎಂಬ ಸೂಚನೆಯಿದೆ. ಆಗ ಚಿಹ್ನೆ ಹಸಿರಾಗುತ್ತದೆ. ಹೆಚ್ಚಿನವರು ಓದುವುದನ್ನು ಬಿಟ್ಟು ಸೇರಿಸುವುದನ್ನು ಮಾತ್ರ ಮಾಡುತ್ತಾರೆ. ಸೈಬರ್ ಕೇಂದ್ರದ ಹುಡುಗನಿಗೆ ಹೇಳಿ ಹಸಿರು ಮಾಡಿಸಿಕೊಳ್ಳುವವರೂ ಉಂಟು. ಆ ಸರಣಿಯನ್ನು ಓದಲು ಎರಡು ನಿಮಿಷ ಸಾಕು. ಮುಂದಿನ ಸಲ ಹಳದಿ ಚಿಹ್ನೆ ಕಂಡಾಗ ಅಷ್ಟನ್ನಾದರೂ ನಾವೇ ಓದಿಕೊಳ್ಳಬಹುದು.